ಫರ್ನೇಸು ಹೊತ್ತಿಕೊಳ್ಳದ ದಿನ

ಜನವರಿಯ ಒಂದು ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟರೆ ನೆಲ ಕೊರೆಯುತ್ತಿತ್ತು. ರಾತ್ರಿಯೆಲ್ಲ ಹಿಮ ಬಿದ್ದಿದೆ, ಅದಕ್ಕೇ ಇರಬೇಕು ಎಂದುಕೊಂಡು ಶಾಲು ಸುತ್ತಿಕೊಂಡು ಅಡುಗೆಮನೆಗೆ ಇಳಿದೆ. ತುಪ್ಪದ ಡಬ್ಬಿಗೆ ಚಮಚ ಇಳಿಯಲಿಲ್ಲ. ಗೋಡೆಯ ಥರ್ಮೋಸ್ಟ್ಯಾಟ್ ನೋಡಿದರೆ ನಾನು ಇಟ್ಟದ್ದು ಇಪ್ಪತ್ತೊಂದು, ಮನೆಯಲ್ಲಿದ್ದದ್ದು ಹದಿನಾಲ್ಕು. ನೋಡುತ್ತಿದ್ದಂತೆಯೇ ಹದಿಮೂರಾಯಿತು. ಮನೆಯನ್ನು ಬಿಸಿ ಮಾಡುವ ಗ್ಯಾಸ್ ಫರ್ನೇಸು ಕೈಕೊಟ್ಟಿತ್ತು.

ನನಗೆ ಗಂಡನ ಮೇಲೆ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎನ್ನುವವರು ಕೆನಡಾದ ಜನವರಿಯಲ್ಲಿ ಒಬ್ಬರೇ ಇದ್ದು ನೋಡಬೇಕು. ಅವರು ಹೋದದ್ದು ಗಣೇಶನ ಹಬ್ಬದ ಹಿಂದಿನ ವಾರ. ಹಿತ್ತಲಲ್ಲಿ ಟೊಮೇಟೊ ಕೀಳಲು ಕೂತವರು ಮತ್ತೆ ಏಳಲಿಲ್ಲ. ಮಿಸಿಸಾಗಾದ ಈ ಮನೆಯಲ್ಲಿ ಮೇಲಿನದೆಲ್ಲ ನನ್ನದು, ಬೇಸ್‌ಮೆಂಟು ಅವರದು ಎಂದು ನಾವು ಬಾಯಿಬಿಟ್ಟು ಹೇಳಿಕೊಳ್ಳದೆಯೇ ಹಂಚಿಕೊಂಡಿದ್ದೆವು. ವಾಷಿಂಗ್ ಮಷೀನು ಮೇಲೆಯೇ ಇದ್ದುದರಿಂದ ನನಗೆ ಅಲ್ಲಿ ಕೆಲಸವೂ ಇರಲಿಲ್ಲ. ಫರ್ನೇಸು, ಬಿಸಿನೀರಿನ ಟ್ಯಾಂಕು, ಹಳೆಯ ಸೂಟ್‌ಕೇಸುಗಳು, ಮೂಲೆಯಲ್ಲೊಂದು ಸಣ್ಣ ಬಾತ್‌ರೂಮು, ಎಲ್ಲವೂ ಅವರ ರಾಜ್ಯ. ರಾಜರು ಯಾರಿಗೂ ಏನೂ ಹೇಳಿಕೊಡದೆ ಹೊರಟುಹೋಗಿದ್ದರು.

ಅವರು ಹೋದ ಮೇಲೆ ಮಗಳು ಮನೆ ಮಾರುವ ಮಾತು ತೆಗೆದಳು. ನ್ಯೂಮಾರ್ಕೆಟ್ಟಿನ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ, ಅಲ್ಲೇ ಹತ್ತಿರದಲ್ಲಿ ಒಂದು ಕಾಂಡೋ ಫ್ಲ್ಯಾಟು. ವೈಕುಂಠ ಸಮಾರಾಧನೆಗೆ ಬಂದವರು ತಂದಿಟ್ಟ ಹೂವು ಇನ್ನೂ ಬಾಡಿರಲಿಲ್ಲ, ಅಷ್ಟರಲ್ಲೇ ಕೇಳಿದಳು.

"ಅಮ್ಮಾ, ಯು ಕಾಂಟ್ ಮ್ಯಾನೇಜ್ ದಿಸ್ ಹೌಸ್ ಅಲೋನ್. ನನ್ ಜೊತೆ ಬಾ."

"ಒಂದು ವಿಂಟರ್ ನೋಡೋಣ ಕಣೇ. ಮನೇಲಿ ಏನಾದ್ರೂ ಕೆಟ್ಟು, ನನ್ ಕೈಲಿ ಆಗ್ಲಿಲ್ಲ ಅಂದ್ರೆ ನಾನೇ ಬರ್ತೀನಿ."

"ಪ್ರಾಮಿಸ್?"

"ಪ್ರಾಮಿಸ್."

ಅವಳು ಕೆಟ್ಟದ್ದನ್ನು ಹೇಳಿರಲಿಲ್ಲ. ಆದರೆ ಇಪ್ಪತ್ತು ವರ್ಷಕ್ಕೂ ಮೇಲೆ ಬಾಳಿದ ಮನೆಯನ್ನು ಬಿಟ್ಟು, ಮಗಳ ಸೋಫಾದ ಮೇಲೆ ನೆಂಟರ ಹಾಗೆ ಕಾಲು ಮಡಿಚಿಕೊಂಡು ಕೂರಲು ನಾನು ತಯಾರಿರಲಿಲ್ಲ. ಹಾಗಾಗಿ ಅಕ್ಟೋಬರದಿಂದ ನಾನು ಮನೆಯನ್ನು ಎವೆಯಿಕ್ಕದೆ ಕಾಯುತ್ತಿದ್ದೆ. ಬಲ್ಬು ಹೋದರೆ ಸ್ಟೂಲು ಹತ್ತಿ ನಾನೇ ಹಾಕಿದೆ. ಡ್ರೈವ್‌ವೇ ಹಿಮವನ್ನು ನಾನೇ ತೆಗೆದೆ. ಒಂದೊಂದು ವಾರ ಕಳೆದಾಗಲೂ ಗೆದ್ದೆ ಎಂದುಕೊಳ್ಳುತ್ತಿದ್ದೆ. ಈಗ ಫರ್ನೇಸೇ ಮುಷ್ಕರ ಹೂಡಿತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಒಬ್ಬಳೇ ಆದ ಮೇಲೆ ಈ ಮನೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೆಳಗಿನ ಹೊತ್ತು. ನಾನು ಫಿಲ್ಟರಿನ ಮುಂದೆ ನಿಂತು ಡಿಕಾಕ್ಷನ್ ಇಳಿಯುವುದನ್ನು ಕಾಯುವಾಗ ನನ್ನ ಕಾಲ ಕೆಳಗೆ, ಬೇಸ್‌ಮೆಂಟಿನ ಬಾತ್‌ರೂಮಿನಲ್ಲಿ, ದಬದಬನೆ ನೀರು ಬಿದ್ದು ಗೊಳಗೊಳ ಎಂದು ಹರಿದುಹೋಗುವ ಸದ್ದಾಗುತ್ತಿತ್ತು. ಚಳಿಗಾಲವಿರಲಿ ಬೇಸಿಗೆಯಿರಲಿ, ತಪ್ಪಿದ್ದೇ ಇಲ್ಲ. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಆಮೇಲೆ "ಕಾಫಿ ಆಯ್ತೇನೇ?" ಎಂಬ ಪ್ರಶ್ನೆ.

"ರೀ, ಮನೇಲಿ ಮೂರು ಟಾಯ್ಲೆಟ್ ಇದೆ, ನಿಮಗೆ ಆ ಪಾತಾಳದ್ದೇ ಬೇಕಾ?" ಎಂದು ನಾನು ಕೆಣಕುತ್ತಿದ್ದೆ.

"ಅಲ್ಲಿ ಯಾರೂ ಬಾಗಿಲು ತಟ್ಟಲ್ಲ ಕಣೇ," ಎಂದು ನಕ್ಕು ಲೋಟಕ್ಕೆ ಕೈಚಾಚುತ್ತಿದ್ದರು.

ಗಂಡ ಸತ್ತವಳು ಅವರ ಟಾಯ್ಲೆಟ್ಟಿನ ಸದ್ದು ಕೇಳಿಸುತ್ತಿಲ್ಲವೆಂದು ಅಳುತ್ತಾಳೆ ಎಂದು ಯಾರ ಮುಂದೆ ಹೇಳಿಕೊಳ್ಳಲಿ? ಸಮಾಧಾನ ಹೇಳಲು ಬಂದವರು ಅವರ ನಗುವಿನ ಬಗ್ಗೆ, ಹಾಡಿನ ಬಗ್ಗೆ ಮಾತಾಡಿದರು. ನಾನು ತಲೆಯಾಡಿಸಿದೆ. ಬೆಳಿಗ್ಗೆ ಡಿಕಾಕ್ಷನ್ ಇಳಿಯುವಾಗ ಮಾತ್ರ ಕಿವಿ ತಾನಾಗಿಯೇ ಕೆಳಗೆ ಹೋಗುತ್ತಿತ್ತು. ನಾಲ್ಕು ತಿಂಗಳಾದರೂ ಅದಕ್ಕೆ ಬುದ್ಧಿ ಬಂದಿರಲಿಲ್ಲ.

ಫರ್ನೇಸಿನ ಕಂಪನಿಗೆ ಫೋನ್ ಮಾಡಬಹುದಿತ್ತು. ಆದರೆ ಅವರು ಹೋದ ಮೇಲೆ ಎಲ್ಲ ಬಿಲ್ಲುಗಳನ್ನೂ ಮಗಳು ತನ್ನ ನಂಬರಿಗೆ ಹಾಕಿಸಿಕೊಂಡಿದ್ದಳು. ನಾನು ಇಲ್ಲಿ ಫೋನ್ ಇಡುವ ಮೊದಲೇ ಅವಳಿಗೆ ಅಲ್ಲಿ ಮೆಸೇಜು ಹೋಗುತ್ತದೆ. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದರೆ ಹತ್ತು ಜನ ಹನ್ನೆರಡು ಕಾಯಿಲೆ ಹೆಸರಿಸುತ್ತಾರೆ, ಮಧ್ಯಾಹ್ನದೊಳಗೆ ಯಾರಾದರೂ ಒಬ್ಬರು ಮಗಳಿಗೆ "ಅಮ್ಮ ಹೇಗಿದ್ದಾರೆ?" ಎಂದು ಫೋನ್ ಮಾಡುತ್ತಾರೆ. ಯೋಚಿಸಿ, ಗಂಡನ ಜೊತೆ ಮಾಲಿನಲ್ಲಿ ವಾಕಿಂಗ್ ಮಾಡುತ್ತಿದ್ದ ಹಿರಿಯರೊಬ್ಬರಿಗೆ ವೀಡಿಯೊ ಕಾಲ್ ಮಾಡಿದೆ. ಎಂಬತ್ತು ದಾಟಿದ ನಿವೃತ್ತ ಇಂಜಿನಿಯರು. ಜೀವಮಾನವಿಡೀ ಅವರು ಕಟ್ಟಿಸಿದ್ದು ಸೇತುವೆಗಳನ್ನು. ಆದರೆ ನಮ್ಮವರಲ್ಲಿ ಇಂಜಿನಿಯರ್ ಎಂದರೆ ಇಂಜಿನಿಯರ್, ಮಿಕ್ಸಿಯಿಂದ ವಿಮಾನದವರೆಗೆ ಎಲ್ಲವನ್ನೂ ಅವರನ್ನೇ ಕೇಳುವುದು. ಅವರಿಗೂ ಅದರಲ್ಲಿ ಸಂತೋಷವೇ. ಹಿಮ ಬಿದ್ದ ದಿನ ಮಕ್ಕಳು ಕಾರಿನ ಕೀ ಕೊಡುವುದಿಲ್ಲವಾದ್ದರಿಂದ ಬರಲಾರೆ ಎಂದು ಬೇಸರಪಟ್ಟುಕೊಂಡರು.

"ಮೊದ್ಲು ಹೇಳಿ, ಗ್ಯಾಸ್ ವಾಸನೆ ಬರ್ತಾ ಇದೆಯಾ?" ಎಂದರು.

"ಇಲ್ಲ ಸರ್."

"ಬಂದ್ರೆ ನನ್ ಹತ್ರ ಮಾತಾಡ್ತಾ ನಿಂತ್ಕೋಬೇಡಿ, ಹೊರಗೆ ಓಡ್ಬೇಕು. ಸರಿ, ಈಗ ಕೆಳಗೆ ಹೋಗಿ. ನನ್ನನ್ನೂ ಕರ್ಕೊಂಡು ಹೋಗಿ."

ಹೀಗೆ ಒಂದು ಕೈಯಲ್ಲಿ ಅವರನ್ನು, ಇನ್ನೊಂದು ಕೈಯಲ್ಲಿ ಟಾರ್ಚನ್ನು ಹಿಡಿದು ಪಾತಾಳಕ್ಕೆ ಇಳಿದೆ. ಇಳಿಯುವ ಮೊದಲೇ ಥರ್ಮೋಸ್ಟ್ಯಾಟಿನ ಸೆಲ್ಲು ಬದಲಿಸಿದ್ದಾಗಿತ್ತು. ಮೆಟ್ಟಿಲ ಪಕ್ಕದ ಸ್ವಿಚ್ಚು ಆನ್ ಇತ್ತು. ಗಾಳಿಯ ಫಿಲ್ಟರನ್ನು ಎಳೆದರೆ ಕಂಬಳಿಯಷ್ಟು ದಪ್ಪ ಧೂಳು. ನಾಚಿಕೆಯಾಗಿ ಫೋನಿನ ಕ್ಯಾಮೆರಾವನ್ನು ಗೋಡೆಗೆ ತಿರುಗಿಸಿದೆ. ಅಷ್ಟರಲ್ಲಿ ಅವರು ನೋಡಿಬಿಟ್ಟಿದ್ದರು. ಫಿಲ್ಟರು ಬದಲಿಸಿ, ಸ್ವಿಚ್ಚು ಆರಿಸಿ ಮತ್ತೆ ಹಾಕಿ, ಫರ್ನೇಸಿನ ಮುಂದೆ ಮೊಣಕಾಲೂರಿ ಕೂತೆ.

ಅದು ಏನು ಮಾಡಬೇಕೆಂದು ಅವರು ವಿವರಿಸಿದರು. ಮೊದಲು ಒಳಗೆ ಒಂದು ಸಣ್ಣ ಫ್ಯಾನು ತಿರುಗಬೇಕು. ಹಿಂದೆಯೇ ಟಿಕ್ ಎನ್ನಬೇಕು. ಆಮೇಲೆ ಪುಟ್ಟ ಗಾಜಿನ ಕಿಟಕಿಯೊಳಗೆ ಒಂದು ಕಡ್ಡಿ ಕೆಂಪಗೆ ಕಾಯಬೇಕು, ಗ್ಯಾಸ್ ಬಂದು ಬೆಂಕಿ ಹತ್ತಬೇಕು. ನಾನು ಕಿಟಕಿಗೆ ಕಣ್ಣಿಟ್ಟೆ. ಫ್ಯಾನು ತಿರುಗಿತು. ತಿರುಗುತ್ತಲೇ ಇತ್ತು. ಟಿಕ್ ಬರಲಿಲ್ಲ, ಕಡ್ಡಿ ಕಾಯಲಿಲ್ಲ, ಫ್ಯಾನು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ. ಕೆಲವು ಸಲ ಹೀಗೆ ಪ್ರಯತ್ನಿಸಿ, ಸಾಕಪ್ಪ ಎಂಬಂತೆ ಸುಮ್ಮನಾಯಿತು. ಒಳಗೊಂದು ಕೆಂಪು ದೀಪ ಮಿಣುಕತೊಡಗಿತು.

"ಬೆಂಕಿ ಹಚ್ಚೋಕ್ ಮುಂಚೆ ಅದು ಗಾಳಿ ಸರಿಯಾಗಿ ಓಡಾಡ್ತಿದೆಯಾ ಅಂತ ನೋಡತ್ತಮ್ಮ," ಎಂದರು ಹಿರಿಯರು. "ದಾರಿ ಎಲ್ಲೋ ಕಟ್ಟಿದೆ. ಹೊರಗೆ ಗೋಡೇಲಿ ಎರಡು ಬಿಳಿ ಪೈಪ್ ಇರ್ತವೆ. ಹಿಮ ಮುಚ್ಚಿದೆಯಾ ನೋಡ್ಕೊಂಡ್ ಬನ್ನಿ."

ಗಂಡನ ದೊಡ್ಡ ಜಾಕೆಟ್ಟು, ಅವರದೇ ಬೂಟು ಹಾಕಿಕೊಂಡು ಮನೆಯ ಪಕ್ಕದ ಓಣಿಗೆ ಹೋದೆ. ಹಿಮ ಮೊಣಕಾಲಿನವರೆಗೆ ಬರುತ್ತಿತ್ತು. ಪೈಪುಗಳ ಬಾಯಿಗೆ ನಿಜವಾಗಿಯೂ ಹಿಮ ಒತ್ತಿಕೊಂಡಿತ್ತು. ನನಗಾದ ಖುಷಿ ಅಷ್ಟಿಷ್ಟಲ್ಲ. ಕೈಗವಸಿನಲ್ಲೇ ಕೆರೆದು ಕೆರೆದು ತೆಗೆದೆ. ಮಾಲ್ಟನ್ ಕಡೆಯ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಎಷ್ಟೊಂದು ಸುಲಭವಿತ್ತು, ಇಷ್ಟಕ್ಕೆ ಮನೆ ಮಾರಬೇಕಿತ್ತೇ ಎಂದು ಮಗಳಿಗೆ ಮನಸ್ಸಿನಲ್ಲೇ ಹೇಳುತ್ತಾ ಒಳಗೆ ಬಂದೆ.

ಮತ್ತೆ ಸ್ವಿಚ್ಚು ಹಾಕಿದೆ. ಫ್ಯಾನು ತಿರುಗಿತು, ನಿಂತಿತು. ಟಿಕ್ ಬರಲಿಲ್ಲ.

ನಾನು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಗಂಡನ ಹೆಣದ ಮುಂದೆಯೂ ನಾನು ಹಾಗೆ ಅತ್ತಿರಲಿಲ್ಲ. ಆಗ ಬಂದವರಿಗೆ ಕಾಫಿ ಆಯಿತೇ, ಪುರೋಹಿತರಿಗೆ ಕಾರು ಕಳಿಸಿದೆವೇ ಎಂದು ನೋಡಿಕೊಳ್ಳುವುದಿತ್ತು. ಈಗ ನೋಡಿಕೊಳ್ಳಲು ಏನೂ ಇರಲಿಲ್ಲ. ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಶುರುಮಾಡಿದಾಗ ಬಿಸಿ ಎಲ್ಲಿಂದ ಬರುತ್ತದೆಂದೂ ನಮಗೆ ಗೊತ್ತಿರಲಿಲ್ಲ. ಗೋಡೆಯ ಕೆಳಗಿನ ಕಬ್ಬಿಣದ ಹೀಟರು ಕೆಟಕೆಟ ಎನ್ನುತ್ತಿತ್ತು, ಮನೆ ಬೆಚ್ಚಗಿರುತ್ತಿತ್ತು. ನಂತರ ಸ್ವಂತ ಮನೆ ಬೇಕೆಂದು ಹಟ ಹಿಡಿದವಳು ನಾನೇ.

"ಅಮ್ಮಾ, ಸೀಲಿಂಗ್ ಕಾಣಿಸ್ತಾ ಇದೆ, ನೀವು ಕಾಣಿಸ್ತಾ ಇಲ್ಲ," ಎಂದು ಫೋನು ಕೂಗಿತು.

ಮೂಗು ಒರೆಸಿಕೊಂಡು ಫೋನನ್ನು ಎತ್ತಿ ಹಿಡಿದೆ. ಅವರು ಕೆಮ್ಮಿ, ಏನೂ ಕೇಳಿಸದವರ ಹಾಗೆ ಮಾತು ಮುಂದುವರಿಸಿದರು. "ಇನ್ನೊಂದಿದೆ ನೋಡಿ. ಇದು ಉರಿಯುವಾಗ ಒಳಗೆ ನೀರಾಗತ್ತೆ. ಬೇಸಿಗೇಲಿ ಏಸಿ ನೀರೂ ಅದೇ ದಾರೀಲಿ ಹೋಗತ್ತೆ. ಆ ನೀರು ಕಟ್ಕೊಂಡ್ರೂ ಗಾಳಿ ಆಡಲ್ಲ. ಸಣ್ಣ ಟ್ಯೂಬ್ ಇರತ್ತೆ, ಅದನ್ನ ಹಿಡ್ಕೊಂಡ್ ಹೋಗಿ, ಎಲ್ಲಿ ಮುಗಿಯತ್ತೆ ಹೇಳಿ. ನೆಲದಲ್ಲಿರೋ ಡ್ರೇನಿಗೆ ಹೋಗ್ಬೇಕು ಅದು."

ಟ್ಯೂಬು ಡ್ರೇನಿಗೆ ಹೋಗಲಿಲ್ಲ. ಡ್ರೇನಿನ ಪಕ್ಕದಿಂದ ತಪ್ಪಿಸಿಕೊಂಡು, ಬಿಸಿನೀರಿನ ಟ್ಯಾಂಕಿನ ಹಿಂದೆ ಸುತ್ತಿ, ಬಾತ್‌ರೂಮಿನ ಗೋಡೆಯ ಮಗ್ಗುಲಿಗೆ ಹೋಯಿತು. ಅಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ಟು. ಅಂಚಿನಲ್ಲಿ ನೇತುಹಾಕಿದ ಮಗ್ಗು.

ಆ ಬಕೆಟ್ಟು ನನಗೆ ಗೊತ್ತಿತ್ತು. ಥಾರ್ನ್‌ಕ್ಲಿಫಿನಲ್ಲಿ ನಾವು ಕೊಂಡ ಮೊದಲ ಸಾಮಾನುಗಳಲ್ಲಿ ಅದೊಂದು. ಶವರಿನ ಕೆಳಗೆ ನಿಂತರೆ ಸ್ನಾನ ಮಾಡಿದ ಹಾಗಾಗುವುದಿಲ್ಲ ಎಂಬುದು ಅವರ ವಾದ. ನೀರು ಸುಮ್ಮನೆ ಹರಿದುಹೋಗುವುದನ್ನು ಅವರಿಗೆ ನೋಡಲಾಗುತ್ತಿರಲಿಲ್ಲ ಎಂಬುದು ನಿಜ. ಅವರು ಬೆಳೆದ ಬೆಂಗಳೂರಿನ ಬೀದಿಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಬಂದಾಗ ಮನೆಯ ಲೋಟವೂ ತುಂಬಿಕೊಳ್ಳುತ್ತಿತ್ತು. ಸಮುದ್ರದಂಥ ಕೆರೆಯ ದಡಕ್ಕೆ ಬಂದು ನೆಲೆಸಿದ ಮೇಲೂ ಅಕ್ಕಿ ತೊಳೆದ ನೀರನ್ನು ಎತ್ತಿಡುತ್ತಿದ್ದರು. ಈ ಮನೆಗೆ ಬಂದಾಗ ಬಕೆಟ್ಟೂ ಬಂತು. ಮಗಳು ಹೈಸ್ಕೂಲಿಗೆ ಹೋಗುವಾಗ ಒಮ್ಮೆ ಅವಳ ಗೆಳತಿಯರು ಬಾತ್‌ರೂಮಿನಲ್ಲಿ ಬಕೆಟ್ಟು, ಮಗ್ಗು ನೋಡಿ ಏನೋ ಕೇಳಿದರಂತೆ. ಆ ಸಂಜೆ ಅವಳು ಅತ್ತು ಕರೆದು ರಂಪ ಮಾಡಿದಳು. "ಎಸೆದುಬಿಡ್ತೀನಿ ಬಿಡು ಪುಟ್ಟಾ," ಎಂದರು ಅವರು. ಮರುದಿನ ಬಕೆಟ್ಟು ಕಾಣಲಿಲ್ಲ. ಎಸೆದರೆಂದೇ ನಾನೂ ತಿಳಿದಿದ್ದೆ.

ಬಕೆಟ್ಟು ತುಂಬಿ ತುಳುಕುತ್ತಿತ್ತು. ಅಕ್ಟೋಬರದಿಂದಲೂ ತುಳುಕುತ್ತಿದ್ದಿರಬೇಕು. ಹೆಚ್ಚಾದದ್ದು ಇಳಿಜಾರಿನಲ್ಲಿ ಸದ್ದಿಲ್ಲದೆ ಡ್ರೇನಿಗೆ ಹೋಗಿ ನೆಲದ ಮೇಲೆ ಬಿಳಿ ಕರೆ ಕಟ್ಟಿತ್ತು. ಟ್ಯೂಬಿನ ತುದಿ ಬಕೆಟ್ಟಿನ ತಳದಲ್ಲಿ ಲೋಳೆಯೊಳಗೆ ಹೂತುಹೋಗಿತ್ತು. ಬಕೆಟ್ಟಿನ ಹಿಡಿಕೆಗೆ ದಾರ ಕಟ್ಟಿ ಒಂದು ಹಳೆಯ ಟೂತ್‌ಬ್ರಷ್ಷನ್ನು ತೂಗುಹಾಕಿದ್ದರು. ತುದಿಯನ್ನು ಉಜ್ಜಲೆಂದು ಇಟ್ಟುಕೊಂಡದ್ದು.

"ಬಕೆಟ್ಟಾ?" ಎಂದರು ಹಿರಿಯರು. ಪರದೆಗೆ ಮುಖ ಹತ್ತಿರ ತಂದು, "ಅವನು ಮಾಲಲ್ಲೂ ವಾಷ್‌ರೂಮಿನ ನಲ್ಲಿ ಭದ್ರವಾಗಿ ತಿರುಗಿಸಿ ಬರ್ತಿದ್ದ," ಎಂದರು. ಅವರ ದನಿ ಬದಲಾಗಿತ್ತು. "ಟ್ಯೂಬ್ ಎತ್ತಿ, ಚೆನ್ನಾಗಿ ಉಜ್ಜಿ ತೊಳೀರಿ. ಆಮೇಲೆ ಡ್ರೇನಿಗೇ ಬಿಟ್ಬಿಡಿ. ಬಕೆಟ್ ಇಟ್ರೆ ದಿನಾ ಯಾರಾದ್ರೂ ಚೆಲ್ಲಬೇಕಾಗತ್ತೆ."

ಟ್ಯೂಬನ್ನು ಮೇಲೆತ್ತಿ ಗಂಡನದೇ ಬ್ರಷ್ಷಿನಿಂದ ತುದಿಯನ್ನು ಉಜ್ಜಿದೆ. ಒಳಗೆ ಕಟ್ಟಿಕೊಂಡಿದ್ದ ನೀರು ಗುಳುಗುಳು ಎಂದು ಹೊರಬಿತ್ತು. ಅದನ್ನು ಡ್ರೇನಿಗೆ ಬಿಟ್ಟು, ಸ್ವಿಚ್ಚು ಹಾಕಿ, ಮತ್ತೆ ಕಿಟಕಿಗೆ ಕಣ್ಣಿಟ್ಟೆ. ಫ್ಯಾನು ತಿರುಗಿತು. ಟಿಕ್ ಎಂದಿತು. ಕಡ್ಡಿ ಕೆಂಪಾಯಿತು, ಕಿತ್ತಳೆಯಾಯಿತು, ಒಮ್ಮೆಲೇ ನೀಲಿ ಬೆಂಕಿ ಸಾಲಾಗಿ ಎದ್ದಿತು.

"ಹೊತ್ಕೊಂಡ್ತಾ?"

"ಹೊತ್ಕೊಂಡ್ತು ಸರ್."

"ಸರಿ ಹಾಗಾದ್ರೆ. ಹೋಗಿ ಕಾಫಿ ಕುಡೀರಿ," ಎಂದು ಹಿರಿಯರು ಫೋನ್ ಇಟ್ಟರು.

ತುಂಬಿದ ಬಕೆಟ್ಟು ಉಳಿಯಿತು. ಪಕ್ಕದಲ್ಲೇ ಡ್ರೇನಿತ್ತು, ಅಲ್ಲೇ ಬಗ್ಗಿಸಿಬಿಡಬಹುದಿತ್ತು. ಆದರೆ ಅಷ್ಟು ನೀರನ್ನು ಸುಮ್ಮನೆ ಚೆಲ್ಲಲು ಕೈ ಬರಲಿಲ್ಲ. ಬಾತ್‌ರೂಮಿನ ಬಾಗಿಲು ಕೈಯಳತೆಯಲ್ಲೇ ಇತ್ತು. ಭಾರವಾಗಿದ್ದುದರಿಂದ ಮೊದಲು ನಾಲ್ಕಾರು ಮಗ್ಗು ತೋಡಿ ಕಡಿಮೆ ಮಾಡಿ, ಆಮೇಲೆ ಎರಡೂ ಕೈಯಲ್ಲಿ ಎತ್ತಿ ಟಾಯ್ಲೆಟ್ಟಿಗೆ ಸುರಿದೆ.

ದಬದಬನೆ ಬಿದ್ದು, ಗೊಳಗೊಳ ಎಂದು ಹರಿದುಹೋಯಿತು.

ಬಕೆಟ್ಟು ಹಿಡಿದುಕೊಂಡು ನಿಂತೇ ಇದ್ದೆ. ಫ್ಲಶ್ ಮಾಡಿದ ಮೇಲೆ ಟ್ಯಾಂಕು ತುಂಬಿಕೊಳ್ಳುವಾಗ ಸುಯ್ ಎನ್ನುತ್ತದಲ್ಲ, ಆ ಸದ್ದು ಬರಲಿಲ್ಲ. ಅಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ಕೇಳಿಯೂ ಅದು ಬರುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ. ಅವರು ಅಲ್ಲಿಗೆ ಹೋಗುತ್ತಿದ್ದದ್ದು ಇದಕ್ಕೆ. ದಿನವೂ ಬಂದು, ಟ್ಯೂಬು ಎತ್ತಿ, ತುದಿ ಉಜ್ಜಿ, ಫ್ಲಶ್ ಮಾಡುವ ಬದಲು ಬಕೆಟ್ಟಿನ ನೀರನ್ನೇ ಸುರಿದು, ಕೈ ತೊಳೆದು, ಮೇಲೆ ಬಂದು ಕಾಫಿ ಆಯಿತೇ ಎಂದು ಕೇಳುತ್ತಿದ್ದರು. ಮಗಳಿಗೆ ನಾಚಿಕೆಯಾಗಬಾರದು, ನನ್ನ ಗೇಲಿಯೂ ಬೇಡ, ನೀರೂ ಹಾಳಾಗಬಾರದು.

ನನಗೆ ಗೊತ್ತಿಲ್ಲದಂತೆಯೇ ತಲೆ ಎತ್ತಿ ಮೇಲೆ ನೋಡಿದೆ. ಸರಿಯಾಗಿ ಅಲ್ಲೇ, ಸೀಲಿಂಗಿನ ಆಚೆ, ನನ್ನ ಅಡುಗೆಮನೆ. ನಾಲ್ಕು ತಿಂಗಳಿಂದ ಕೇಳಬೇಕು ಎಂದು ನಾನು ಒದ್ದಾಡಿದ ಸದ್ದು ಈಗ ತಾನೇ ಆಗಿತ್ತು. ಅದನ್ನು ಕೇಳಲು ಮೇಲೆ ಯಾರೂ ಇರಲಿಲ್ಲ. ನಾಳೆಯೂ ನಾನೇ ಇಳಿದು ಬರಬಹುದು, ನಾನೇ ಸುರಿಯಬಹುದು. ಆಗಲೂ ಮೇಲೆ ಯಾರೂ ಇರುವುದಿಲ್ಲ. ಖಾಲಿ ಬಕೆಟ್ಟನ್ನು ಅಲ್ಲೇ ತೊಳೆದು, ಒರೆಸಿ, ಮೇಲೆ ತಂದೆ.

ಮಧ್ಯಾಹ್ನದ ಹೊತ್ತಿಗೆ ಮನೆ ಬೆಚ್ಚಗಾಯಿತು, ತುಪ್ಪ ಮೆತ್ತಗಾಯಿತು. ಸಂಜೆ ಶಿಫ್ಟು ಮುಗಿಸಿ ಮಗಳು ಫೋನ್ ಮಾಡಿದಳು.

"ಅಮ್ಮಾ, ಇಟ್ಸ್ ಫ್ರೀಝಿಂಗ್ ಟುಡೇ. ಹೀಟ್ ಸರಿ ಇದೆಯಾ?"

"ಸರಿ ಇದೆ. ಇಪ್ಪತ್ತೊಂದಿದೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಕೆಟ್ಟದ್ದನ್ನು ನಾನು ರಿಪೇರಿ ಮಾಡಿಕೊಂಡಿದ್ದೆ, ಮಾತಿನ ಪ್ರಕಾರ ಗೆದ್ದವಳು ನಾನೇ.

"ಸ್ಪ್ರಿಂಗಲ್ಲಿ ಮನೆ ಮಾರಿಬಿಡೋಣ ಕಣೇ," ಎಂದೆ.

"ವಾಟ್? ವೈ? ಏನಾದ್ರೂ ಕೆಟ್ಟೋಯ್ತಾ?"

"ಏನೂ ಕೆಟ್ಟಿಲ್ಲ. ಎಲ್ಲ ಸರಿಯಾಗಿ ಕೆಲಸ ಮಾಡ್ತಿದೆ." ಬಕೆಟ್ಟು ನನ್ನ ಎದುರಿಗೇ ಇತ್ತು. "ನಿನ್ನ ಬಾತ್‌ರೂಮಲ್ಲಿ ಒಂದು ಬಕೆಟ್ ಇಡೋಕೆ ಜಾಗ ಇದೆಯಾ?"

ಅತ್ತ ಕಡೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. 

"ದ ಬ್ಲೂ ಒನ್?" ಎಂದು ಕೇಳಿದಳು. ಎಷ್ಟೋ ವರ್ಷಗಳ ನಂತರ, ಪೂರ್ತಿ ಕನ್ನಡದಲ್ಲಿ, ಚಿಕ್ಕ ಹುಡುಗಿಯ ದನಿಯಲ್ಲಿ, "ಅಪ್ಪ ಎಸ್ದೆ ಅಂದಿದ್ರಲ್ಲಮ್ಮ," ಎಂದಳು.

"ಎಸೆದಿರ್ಲಿಲ್ಲ ಪುಟ್ಟಾ," ಎಂದೆ.